ಹಕ್ಕಿತಲೆಯ ತಟ್ಟೆ

ನಮ್ಮ ಅಡುಗೆಮನೆಯಲ್ಲಿ ಸಿಂಕಿನ ಮೇಲೊಂದು ಕಿಟಕಿ ಇದೆ. ಅಲ್ಲಿ, ಚಳಿಗಾಲಕ್ಕೆಂದು ಒಳಗೆ ತಂದಿಟ್ಟ ತುಳಸಿ ಕುಂಡದ ಪಕ್ಕದಲ್ಲಿ, ಒಂದು ಹಕ್ಕಿಯ ತಲೆ ಇದೆ. ಗಾಬರಿಯಾಗಬೇಡಿ, ಮಣ್ಣಿನದು. ಹೆಬ್ಬೆರಳಿಗಿಂತ ಒಂದಿಷ್ಟು ದಪ್ಪ, ಬಾತುಕೋಳಿಯಂಥ ಚಪ್ಪಟೆ ಕೊಕ್ಕು, ಕಪ್ಪು ಬಣ್ಣದಲ್ಲಿ ಚುಕ್ಕಿ ಇಟ್ಟ ಕಣ್ಣು, ಕತ್ತಿನ ಸುತ್ತ ಬಿಳಿಯ ಪಟ್ಟೆ. ಕತ್ತು ಮುಗಿಯುವಲ್ಲಿ ಮುರಿದ ಒರಟು ಅಂಚು. ನಾನು ಪಾತ್ರೆ ತೊಳೆಯುವಷ್ಟು ಹೊತ್ತೂ ಅದು ನನ್ನನ್ನೇ ನೋಡುತ್ತಿರುತ್ತದೆ. ನೋಡಲಿ ಎಂದೇ ಅಲ್ಲಿಟ್ಟಿದ್ದೇನೆ.

ಮೊನ್ನೆ ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಗೆಳತಿ ವತ್ಸಲಾ ಬಂದಿದ್ದಳು. ಹುಬ್ಬಳ್ಳಿಯವಳು, ಡಾಕ್ಟರು, ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ತಡೆದವಳೇ ಅಲ್ಲ. ಕಾಫಿ ಲೋಟ ಇಡಲು ಸಿಂಕಿನ ಹತ್ತಿರ ಹೋದವಳು ಅಲ್ಲೇ ನಿಂತಳು.

“ಏನವಾ ಇದು, ಹಕ್ಕಿ ಗೋಣು ಮುರ್ದು ಕಿಡಕ್ಯಾಗ ಇಟ್ಟೀಯಲ್ಲ?”

“ಒಂದು ತಟ್ಟೆಯ ಹಿಡಿ ಕಣೇ. ತಟ್ಟೆ ಒಡೆದುಹೋಗಿದೆ.”

“ಒಡದದ್ದು ಮನ್ಯಾಗ ಇಟ್ಕೋಬಾರದು. ಅದೂ ತುಳಸಿ ಬಾಜೂಕ! ನಾಳೆ ನಿಮ್ಮ ಟ್ರ್ಯಾಶ್ ಡೇ ಅದ ಅಲ್ಲ, ಹಾಕಿಬಿಡು.”

ಹೂಂ ಎಂದೆ. ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ಅವಳಿಗೆ ಹೇಳಲು ಹೊರಟಿದ್ದರೆ ಅವಳ ಡ್ಯೂಟಿಗೆ ಹೊತ್ತಾಗುತ್ತಿತ್ತು. ನಿಮಗೆ ಪುರುಸೊತ್ತಿದೆ ಅಂದುಕೊಂಡು ಹೇಳುತ್ತೇನೆ.

ಅದಕ್ಕೆ ಮೊದಲು ಮೈಸೂರಿಗೆ ಹೋಗಿಬರಬೇಕು. ನಾನು ಬೆಳೆದದ್ದು ಅಲ್ಲಿನ ಒಂದು ವಠಾರದಲ್ಲಿ. ವಠಾರದ ಮಕ್ಕಳಿಗೆಲ್ಲ ಒಂದೊಂದು ಕೆಲಸ ಗೊತ್ತುಮಾಡಿದ ಹಾಗೆ ಇರುತ್ತಿತ್ತು. ನನ್ನದು ಪಾತ್ರೆ ಸಾಗಿಸುವುದು. ನಮ್ಮ ಮನೆಯಿಂದ ಹುಳಿ, ಎದುರು ಮನೆಯಿಂದ ಗೊಜ್ಜು, ಮೂಲೆಮನೆಯಿಂದ ಪಾಯಸ. ಸಾಗಾಣಿಕೆಯ ಕೂಲಿಯನ್ನು ದಾರಿಯಲ್ಲೇ ಬೆರಳದ್ದಿ ನೆಕ್ಕಿ ವಸೂಲಿ ಮಾಡಿಕೊಳ್ಳುತ್ತಿದ್ದೆ. ಅಮ್ಮನದು ಒಂದೇ ಕಟ್ಟಪ್ಪಣೆ: ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಕಳಿಸಕೂಡದು. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆಯಾದರೂ ಹಾಕಬೇಕು. ಸಕ್ಕರೆಯೂ ಇಲ್ಲದ ದಿನ ಒಂದು ಅರಿಸಿನದ ಕೊನೆ ಹಾಕಿ ಕಳಿಸಿದ್ದು ನನಗೆ ನೆನಪಿದೆ.

ಒಮ್ಮೆ ಅಮ್ಮನಿಗೂ ಎದುರು ಮನೆಯ ಕಮಲತ್ತೆಗೂ ನಲ್ಲಿಯ ಸರದಿಗಾಗಿ ಜಗಳ ಹತ್ತಿತು. ಮುಖಕ್ಕೆ ಮುಖ ಕೊಟ್ಟು ಮಾತಾಡುವುದು ನಿಂತೇಹೋಯಿತು. ಆದರೆ ಕಮಲತ್ತೆಯ ಬೋಗುಣಿ ನಮ್ಮ ಮನೆಯಲ್ಲಿ ಉಳಿದುಬಿಟ್ಟಿತ್ತು. ಖಾಲಿ ಕಳಿಸುವ ಹಾಗಿಲ್ಲ. ಅಮ್ಮ ಮುಖ ಊದಿಸಿಕೊಂಡೇ ಕೋಸಂಬರಿ ತುಂಬಿ ಕಳಿಸಿದಳು. ಅವರು ನಮ್ಮ ಮುಚ್ಚಳದ ತಟ್ಟೆಯನ್ನು ಖಾಲಿ ಕಳಿಸುವ ಹಾಗಿಲ್ಲವಲ್ಲ, ಹಪ್ಪಳ ಇಟ್ಟು ಕಳಿಸಿದರು. ಹೀಗೆ ಓಡಾಡಿ ಓಡಾಡಿ ನನ್ನ ಕಾಲು ಬಿದ್ದುಹೋದವು, ಅವರಿಬ್ಬರೂ ಯಾವಾಗ ರಾಜಿಯಾದರೋ ಅವರಿಗೇ ತಿಳಿಯಲಿಲ್ಲ. ತುಂಬಿದ ಪಾತ್ರೆ ವಾಪಸ್ಸು ಹೋಗುತ್ತಿರುವ ತನಕ ನಂಟು ಮುರಿಯುವುದಿಲ್ಲ ಎಂಬ ಪಾಠವನ್ನು ನಾನು ಕಲಿತದ್ದು ಹಾಗೆ. ಆ ಪಾಠವನ್ನು ಕಟ್ಟಿಕೊಂಡೇ ಮಿಶಿಗನ್ನಿಗೆ ಬಂದೆ.

ನಮ್ಮ ಮನೆಯವರು ಶ್ರೀಧರ, ವಿಕ್ಸಮ್ಮಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಅಲ್ಲೇ ಹತ್ತಿರದ ಸಬ್‌ಡಿವಿಷನ್ನಿನಲ್ಲಿ ಮನೆ ಕೊಂಡೆವು. ಮೊದಲ ಚಳಿಗಾಲ. ಡ್ರೈವ್‌ವೇಯ ಹಿಮ ತೆಗೆಯುವುದೋ, ಒಳಗೆ ಹೋಗಿ ಹೊದ್ದು ಮಲಗುವುದೋ ಎಂದು ಗಂಡ ಹೆಂಡತಿ ಚರ್ಚೆ ಮಾಡುತ್ತಿದ್ದಾಗ ಎದುರು ಮನೆಯಿಂದ ಬೂಟು ಹಾಕಿಕೊಂಡ ಒಬ್ಬ ಗಿಡ್ಡ ಹೆಂಗಸು ಹಿಮದಲ್ಲಿ ಹೆಜ್ಜೆ ಊರಿಕೊಂಡು ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಹೆಸರು ಎಲ್ವಿರಾ, ಊರು ಪೆರು ದೇಶದ ಕುಸ್ಕೋ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಗಂಡನನ್ನು ಕಳೆದುಕೊಂಡು ಒಬ್ಬಳೇ ಇದ್ದಳು. ಅವಳ ಇಂಗ್ಲಿಷಿನಲ್ಲಿ ಸ್ಪ್ಯಾನಿಷ್ ಬೆರೆತಿತ್ತು, ನನ್ನದರಲ್ಲಿ ಮೈಸೂರು. ಎರಡನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಬಟ್ಟೆ ತೆಗೆದರೆ ಹಳದಿ ಗೊಜ್ಜು ಹೊಯ್ದ ಬೇಯಿಸಿದ ಆಲೂಗಡ್ಡೆ, ಮೇಲೆ ಮೊಟ್ಟೆಯ ಹೋಳುಗಳು.

“ಆಲೂಗಡ್ಡೆ ನಮ್ಮೂರಿನದು. ಜಗತ್ತಿಗೆಲ್ಲ ನಾವೇ ಕೊಟ್ಟದ್ದು,” ಎಂದಳು.

ಆಲೂಗಡ್ಡೆ ಹಾಸನದ್ದು ಎಂದು ಅಲ್ಲಿಯವರೆಗೂ ನಂಬಿದ್ದವಳು ನಾನು. ಸುಮ್ಮನೆ ತಲೆಯಾಡಿಸಿದೆ. ನಾವು ಮೊಟ್ಟೆ ತಿನ್ನುವುದಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅವಳು ಹೋದ ಮೇಲೆ ಮೊಟ್ಟೆ ತೆಗೆದಿಟ್ಟು ಆಲೂಗಡ್ಡೆ ತಿಂದೆ. ತೆಗೆದಿಟ್ಟ ಮೊಟ್ಟೆ ಏನಾಯಿತು ಎಂದು ಕೇಳಿದರೆ ನಮ್ಮ ಮನೆಯವರು, “ವೇಸ್ಟ್ ಆಗತ್ತಲ್ಲ ಪಾಪ,” ಎಂದು ಮೀಸೆ ಒರೆಸಿಕೊಂಡರು.

ಆಲೂಗಡ್ಡೆ ಖಾಲಿಯಾದ ಮೇಲೆ ತಟ್ಟೆ ಕಾಣಿಸಿತು. ಅಷ್ಟು ಚೆಂದದ ತಟ್ಟೆಯನ್ನು ನಾನು ಕಂಡಿರಲಿಲ್ಲ. ಇಟ್ಟಿಗೆ ಬಣ್ಣದ ಮಣ್ಣು, ನುಣ್ಣಗೆ ಉಜ್ಜಿ ಹೊಳಪು ಕೊಟ್ಟದ್ದು. ಒಳಗೆ ಕಪ್ಪು, ಬಿಳಿ, ಕೆಂಪಿನಲ್ಲಿ ಎಳೆದ ಪಟ್ಟೆಗಳು, ಪಟ್ಟೆಗಳೊಳಗೆ ಸಾಲು ಸಾಲು ಮೆಣಸಿನಕಾಯಿ. ಅಂಚಿನ ಒಂದು ಕಡೆ ಹಿಡಿಯ ಬದಲು ಹಕ್ಕಿಯ ತಲೆ, ಎದುರು ಕಡೆ ಬಾಲಕ್ಕೆಂದು ಎರಡು ಪುಟ್ಟ ಮೊಳಕೆ. ತಟ್ಟೆಯೇ ಹಕ್ಕಿಯ ಮೈ. ಊಟ ಅದರ ಬೆನ್ನ ಮೇಲೆ. ಹಿಂದೆ ಇಂಕಾ ದೊರೆಗಳ ಕಾಲದಲ್ಲಿ ಅವರ ಕಡೆ ಹೀಗೇ ಮಾಡುತ್ತಿದ್ದರಂತೆ. ಎಲ್ವಿರಾಳ ತಂಗಿ ಕುಸ್ಕೋದಲ್ಲಿ ಕುಂಬಾರಿಕೆ ಮಾಡುವವಳು, ಆ ಹಳೆಯ ಮಾದರಿ ನೋಡಿಕೊಂಡು ಇದನ್ನು ಮಾಡಿದ್ದಳು.

ಮಾರನೆಯ ದಿನ ತಟ್ಟೆ ತೊಳೆದು, ಚಿತ್ರಾನ್ನ ತುಂಬಿ, ಎದುರು ಮನೆಗೆ ಹೋದೆ. ಎಲ್ವಿರಾ ಬಾಗಿಲು ತೆಗೆದಳು. ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಕರೆದಳು. ಅಡುಗೆಮನೆಯ ಗೂಡಿನಲ್ಲಿ ಅಂಥದೇ ಇನ್ನೊಂದು ತಟ್ಟೆ! ಅದೇ ಹಕ್ಕಿ, ಅದೇ ಮೆಣಸಿನಕಾಯಿ. ಪಕ್ಕದಲ್ಲಿ ಒಂದು ತಟ್ಟೆಯಷ್ಟು ಜಾಗ ಖಾಲಿ.

ಅಯ್ಯೋ, ಇವು ಜೋಡಿ, ನಾನು ತಡಮಾಡದೆ ತಂದದ್ದು ಒಳ್ಳೆಯದಾಯಿತು ಎಂದುಕೊಂಡೆ. ನಮ್ಮಲ್ಲಿ ಜೋಡಿ ದೀಪದ ಕಂಬಗಳಲ್ಲಿ ಒಂದನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಚಿತ್ರಾನ್ನವನ್ನು ಅವಳ ಬೇರೆ ಪಾತ್ರೆಗೆ ಬಗ್ಗಿಸಿ, ತಟ್ಟೆಯನ್ನು ಅಲ್ಲೇ ತೊಳೆದು ಒರೆಸಿ, ನನ್ನ ಕೈಯಾರೆ ಆ ಖಾಲಿ ಜಾಗದಲ್ಲಿಟ್ಟೆ. ಎಷ್ಟು ಅಚ್ಚುಕಟ್ಟು ನೋಡಿ! ಎಲ್ವಿರಾ, “ಥ್ಯಾಂಕ್ ಯೂ,” ಎಂದಳು.

ಒಂದು ವಾರ ಕಳೆದಿರಲಿಲ್ಲ, ಅದೇ ತಟ್ಟೆ ಮತ್ತೆ ಬಂತು. ಈ ಸಲ ಬೇಯಿಸಿದ ಜೋಳದ ತೆನೆ, ಚೀಸು. ಮೊಟ್ಟೆ ಇರಲಿಲ್ಲ. ಯಾರು ಹೇಳಿದರೋ, ಅವಳೇ ಊಹಿಸಿದಳೋ. ನಾನು ಕೋಡುಬಳೆ ತುಂಬಿ ವಾಪಸ್ಸು ಕೊಟ್ಟೆ. ಅವಳು ಬಿಸ್ಕತ್ತು, ನಾನು ಹೋಳಿಗೆ. ಅವಳು ಬೇಯಿಸಿದ ಅವರೆಯಂಥ ಕಾಳು, ನಾನು ಬಿಸಿಬೇಳೆಬಾತು. ಕಮಲತ್ತೆಯ ಬೋಗುಣಿ ವಿಕ್ಸಮ್ಮಿಗೆ ಬಂದಿತ್ತು, ನನಗೆ ಸ್ವರ್ಗ ಮೂರೇ ಗೇಣು. ಒಂದು ಸಲ ನಮ್ಮ ಮನೆಯವರು ತಟ್ಟೆಯನ್ನು ಡಿಶ್‌ವಾಷರಿಗೆ ಹಾಕಿ, ಬಾಲದ ಒಂದು ಮೊಳಕೆಯ ತುದಿ ಹಾರಿತು. ನಾನು ಅಳುಮೋರೆ ಮಾಡಿಕೊಂಡು ಹೋದರೆ ಎಲ್ವಿರಾ ನಕ್ಕಳು. “ಒಳ್ಳೆಯದೇ ಆಯ್ತು ಬಿಡು. ಈಗ ಯಾವುದು ಯಾವುದು ಅಂತ ಗುರುತು ಸಿಗತ್ತೆ,” ಎಂದಳು. ಯಾಕೆ ಗುರುತು ಬೇಕು ಎಂದು ನಾನು ಕೇಳಲಿಲ್ಲ.

ಒಂದು ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಸಕ್ಕರೆ ಅಚ್ಚುಗಳನ್ನು ಆ ತಟ್ಟೆಯಲ್ಲಿ ಜೋಡಿಸಿಕೊಂಡು ಹೋದೆ. ಅಚ್ಚಿನಲ್ಲಿ ಒಂದು ಹಕ್ಕಿ ಇತ್ತು. ಅದನ್ನು ಮಣ್ಣಿನ ಹಕ್ಕಿಗೆ ಎದುರಾಗಿ ಇಟ್ಟಿದ್ದೆ. ಎಲ್ವಿರಾ ಸಕ್ಕರೆ ಹಕ್ಕಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಬಹಳ ಹೊತ್ತು ನೋಡಿದಳು. “ತಿನ್ನು, ತಿನ್ನು,” ಎಂದೆ. ತಿನ್ನಲಿಲ್ಲ. ಒಂದು ಗಾಜಿನ ಲೋಟದೊಳಗೆ ನಿಲ್ಲಿಸಿ ಗೂಡಿನಲ್ಲಿಟ್ಟಳು.

ಅದಾದ ಮೇಲೆ ತಟ್ಟೆ ಬರುವುದು ನಿಂತಿತು. ತಿಂಡಿ ನಿಲ್ಲಲಿಲ್ಲ. ತಿಂಡಿ ಈಗ ಪೇಪರ್ ಪ್ಲೇಟಿನಲ್ಲಿ, ಮೇಲೆ ಅಲ್ಯೂಮಿನಿಯಮ್ ಹಾಳೆ ಸುತ್ತಿಕೊಂಡು ಬರುತ್ತಿತ್ತು. ತಿಂದು ಎಸೆಯುವಂಥದು, ವಾಪಸ್ಸು ಕೊಡುವಂಥದಲ್ಲ. ಆಗ ನಾನು ಏನಂದುಕೊಂಡೆ ಗೊತ್ತೇ? ಉಪಚಾರದ ಕಾಲ ಮುಗಿಯಿತು, ಎಲ್ವಿರಾಗೆ ನಮ್ಮಲ್ಲಿ ಸಲಿಗೆ ಬಂತು ಎಂದುಕೊಂಡೆ. ವತ್ಸಲಾಗೆ ಫೋನು ಮಾಡಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ ಕೂಡ. ಇಂಥ ಬುದ್ಧಿವಂತೆ ನಾನು.

ವರ್ಷಗಳು ಹೋದವು. ನಮ್ಮ ಮಗಳು ಅನಘಾ ಆನ್ ಆರ್ಬರಿನಲ್ಲಿ ಓದು ಮುಗಿಸಿ ಶಿಕಾಗೋದಲ್ಲಿ ಕೆಲಸಕ್ಕೆ ಸೇರಿದಳು. ಎಲ್ವಿರಾಳ ಮೊಣಕಾಲು ಮೆಟ್ಟಿಲು ಹತ್ತಲು ಬಿಡದಾದವು. ಅವಳ ಮಗಳು ರೋಸಾ ಇರುವುದೂ ಶಿಕಾಗೋ ಹತ್ತಿರವೇ. ಬಂದು, ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗಲು ಏರ್ಪಾಡು ಮಾಡಿದಳು. ಸಾಮಾನು ಕಟ್ಟಲು ನಾನೂ ಹೋದೆ. ಗೂಡಿನಿಂದ ಹಕ್ಕಿತಟ್ಟೆಗಳನ್ನು ಇಳಿಸಿ, ನಡುವೆ ಪೇಪರು ಹಾಕಿ, ಒಂದರ ಮೇಲೊಂದಿಟ್ಟು ಸುತ್ತತೊಡಗಿದೆ.

ಕುರ್ಚಿಯಲ್ಲಿ ಕೂತಿದ್ದ ಎಲ್ವಿರಾ ಕೇಳಿದಳು. “ಎರಡನ್ನೂ ಒಟ್ಟಿಗೇ ಇಡ್ತಿದೀಯಾ?”

“ಹೂಂ ಮತ್ತೆ. ಜೋಡಿ ಅಲ್ವಾ, ಬೇರೆ ಬೇರೆ ಆಗಬಾರದು.”

ಅವಳು ಇನ್ನೇನೋ ಹೇಳುವವಳಂತೆ ಬಾಯಿ ತೆರೆದಳು. ಅಷ್ಟರಲ್ಲಿ ರೋಸಾ ಪೆಟ್ಟಿಗೆಗೆ ಅಂಟಿಸುವ ಟೇಪು ಹುಡುಕುತ್ತ ಬಂದಳು. ಮಾತು ಅಲ್ಲಿಗೇ ನಿಂತಿತು.

ಈ ವರ್ಷ ಚಳಿ ಶುರುವಾಗುವ ಮೊದಲು ಅನಘಾಳನ್ನು ನೋಡಲು ಶಿಕಾಗೋಕ್ಕೆ ಹೋಗಿದ್ದೆವು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಡ್ರೈವ್ ಮಾಡಿಕೊಂಡು ಹೋಗುವಾಗಲೆಲ್ಲ ನಮ್ಮ ಮನೆಯವರು ಒಂದು ಗಂಟೆ ಪುಕ್ಕಟೆ ಸಿಕ್ಕಿತೆಂದು ಸಂಭ್ರಮಪಡುತ್ತಾರೆ, ವಾಪಸ್ಸು ಬರುವಾಗ ಯಾರೋ ಜೇಬು ಹೊಡೆದ ಹಾಗೆ ಮುಖ ಮಾಡುತ್ತಾರೆ. ಅನಘಾ ನಮ್ಮನ್ನು ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದಳು. ಮ್ಯೂಸಿಯಮ್ ಅಂದರೆ ನನಗೆ ಮೊದಲು ನೆನಪಾಗುವುದು ಕಾಲುನೋವು. ಎಲ್ಲಿ ಬೆಂಚು ಸಿಗುತ್ತದೆ ಎಂದು ನೋಡುತ್ತ ಹೋಗುತ್ತಿದ್ದೆ. ಒಂದು ಕೋಣೆಯಲ್ಲಿ ನನ್ನ ಸೊಂಟದೆತ್ತರದ ಮಣ್ಣಿನ ಕೊಡ, ತಳ ಚೂಪು, ಹೆಗಲ ಮೇಲೊಂದು ಪುಟ್ಟ ಪ್ರಾಣಿಯ ತಲೆ. ಆ ತಲೆಗೆ ಹಗ್ಗ ಸುತ್ತಿ ಇಂಕಾ ಜನ ಕೊಡವನ್ನು ಬೆನ್ನಿಗೆ ಹೊರುತ್ತಿದ್ದರಂತೆ. ನಾವು ಸೊಂಟದ ಮೇಲೆ, ಅವರು ಬೆನ್ನ ಮೇಲೆ, ಒಟ್ಟಿನಲ್ಲಿ ನೀರು ಹೊರುವುದಂತೂ ತಪ್ಪಲಿಲ್ಲ ಎಂದುಕೊಂಡು ತಿರುಗಿದರೆ, ಗಾಜಿನ ಆ ಕಡೆಯಿಂದ ಹಕ್ಕಿ ನೋಡುತ್ತಿತ್ತು.

“ಅನಘಾ! ಬಾ ಇಲ್ಲಿ! ಎಲ್ವಿರಾ ಆಂಟಿ ತಟ್ಟೆ!”

“ಅಮ್ಮಾ, ಪ್ಲೀಸ್. ಎವ್ರಿಒನ್ ಈಸ್ ಲುಕಿಂಗ್.”

ನೋಡಿಕೊಳ್ಳಲಿ. ಅದೇ ತಟ್ಟೆ, ಬಣ್ಣ ಮಾತ್ರ ಮಾಸಿತ್ತು. ಒಂದಲ್ಲ, ಎರಡು, ಪಕ್ಕಪಕ್ಕದಲ್ಲಿ. ಅನಘಾ ಬಗ್ಗಿ ಕೆಳಗಿನ ಬರಹ ಓದಿದಳು. ಓದಿ ನನ್ನ ಕಡೆ ತಿರುಗಿದಳು. ಇವನ್ನು ಜೋಡಿಯಾಗಿ ಮಾಡುತ್ತಿದ್ದರಂತೆ. ಒಬ್ಬರೇ ಎರಡನ್ನೂ ಇಟ್ಟುಕೊಳ್ಳುವುದಕ್ಕಲ್ಲ, ಇಬ್ಬರು ಜೊತೆಗೆ ಉಣ್ಣುವುದಕ್ಕೆ, ಒಂದು ತನಗೆ, ಒಂದು ಎದುರಿನವರಿಗೆ.

ಆ ತಟ್ಟೆ ನಮ್ಮ ಮನೆಗೂ ಎದುರು ಮನೆಗೂ ಓಡಾಡಿದ್ದನ್ನು ಅವಳೂ ನೋಡಿದವಳೇ. ಮೆಲ್ಲಗೆ ಕೇಳಿದಳು.

“ಅಮ್ಮಾ, ಹೌ ಮೆನಿ ಟೈಮ್ಸ್ ಡಿಡ್ ಶಿ ಗಿವ್ ಇಟ್ ಟು ಯು?”

ನಾನು ಬೆಂಚು ಹುಡುಕಿಕೊಂಡು ಹೋಗಿ ಕೂತೆ.

ಮಾರನೆಯ ದಿನವೇ ರೋಸಾಳ ಮನೆಗೆ ಹೋದೆವು. ಕೈಯಲ್ಲಿ ಕೋಡುಬಳೆಯ ಡಬ್ಬಿ. ಸ್ಟೀಲಿನದು, ಮುಚ್ಚಳದ ಮೇಲೆ ಅಮ್ಮನ ಹೆಸರು ಕೊರೆಸಿದೆ. ನಾನು ಈ ದೇಶಕ್ಕೆ ಹೊರಟಾಗ ಅಮ್ಮ ಚಟ್ನಿಪುಡಿ ತುಂಬಿ ಕೊಟ್ಟದ್ದು. ಮಗಳಿಗೆಂದು ತಂದಿದ್ದ ಕೋಡುಬಳೆ ಎಲ್ವಿರಾಗೆ ಹೋಯಿತು.

ಎಲ್ವಿರಾ ಕೋಲೂರಿಕೊಂಡು ಬಂದು ತಬ್ಬಿಕೊಂಡಳು. ಇಳಿದುಹೋಗಿದ್ದಳು, ನಗು ಮಾತ್ರ ಅದೇ. ಅಡುಗೆಮನೆಯ ಮೇಜಿನ ಮೇಲೆ ಹಕ್ಕಿತಟ್ಟೆ, ಅದರ ತುಂಬ ದ್ರಾಕ್ಷಿ. ಪಕ್ಕದಲ್ಲಿ ಗಾಜಿನ ಲೋಟ, ಒಳಗೆ ನನ್ನ ಸಕ್ಕರೆ ಹಕ್ಕಿ, ಹಳದಿಗಟ್ಟಿ, ಕೊಕ್ಕು ಸವೆದು. ಅದನ್ನು ಕಂಡ ಮೇಲೆ ನನಗೆ ಕುಶಲ ಮಾತಾಡಲು ಆಗಲಿಲ್ಲ. ನೇರವಾಗಿ ಕೇಳಿಬಿಟ್ಟೆ.

“ಎಲ್ವಿರಾ, ಆ ತಟ್ಟೆ ನನಗೆ ಇಟ್ಕೊಳ್ಳೋದಕ್ಕೆ ಅಂತ ಕೊಟ್ಟಿದ್ದಾ?”

“ಮತ್ತೆ? ಎಷ್ಟು ಸಲ ಕೊಟ್ಟೆ! ನೀನು ಎಷ್ಟು ಸಲ ತಂದೆ!”

“ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ಕೊಟ್ಟಿದ್ದನ್ನ ಯಾಕೆ ತಂದೆ ಅಂತ ಕೇಳಕ್ಕಾಗತ್ತಾ? ಮೊದಲ ದಿನ ಮೊಟ್ಟೆ ಹಾಕಿದ್ನಲ್ಲ, ತಟ್ಟೆ ನಿನಗೆ ಆಗದ ಹಾಗೆ ಆಯ್ತೇನೋ ಅಂದ್ಕೊಂಡೆ. ಅದಕ್ಕೇ ಆಮೇಲೆ ಅದರಲ್ಲಿ ಮೊಟ್ಟೆ, ಮಾಂಸ ಏನೂ ಹಾಕ್ಲೇ ಇಲ್ಲ. ಬಾಲ ಮುರಿದಿದ್ದು ನಿಂದು, ಸರಿ ಇದ್ದಿದ್ದು ನಂದು. ಆದರೂ ನೀನು ತರ್ತಾನೇ ಇದ್ದೆ. ಮಣ್ಣಿನ ತಟ್ಟೆ ಇವರ ಮನೆಗೆ ಹಿಡಿಸಲ್ಲ ಅಂತ ಕೊನೆಗೆ ಸುಮ್ಮನಾದೆ.”

ನಾನು ಅಮ್ಮನ ಕಟ್ಟಪ್ಪಣೆ ಹೇಳಿದೆ. ಕಮಲತ್ತೆ, ಬೋಗುಣಿ, ಅರಿಸಿನದ ಕೊನೆ, ಎಲ್ಲ ಹೇಳಿದೆ. ತುಂಬಿ ವಾಪಸ್ಸು ಕೊಡುವುದು ನಮ್ಮಲ್ಲಿ ಪ್ರೀತಿ, ಬೇಡ ಎನ್ನುವುದಲ್ಲ ಎಂದೆ. ಎಲ್ವಿರಾ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅವಳು ಕುಸ್ಕೋ ಬಿಡುವಾಗ ತಂಗಿ ಎರಡು ತಟ್ಟೆ ಕಟ್ಟಿಕೊಟ್ಟಿದ್ದಳಂತೆ. ಒಂದು ನಿನಗೆ, ಇನ್ನೊಂದು ಅಲ್ಲಿ ನಿನಗೆ ಸಿಗುವವರಿಗೆ, ಒಬ್ಬಳೇ ಕೂತು ಉಣ್ಣಬೇಡ ಎಂದಿದ್ದಳಂತೆ.

“ಫೋನ್ ಮಾಡಿದಾಗೆಲ್ಲ ಕೇಳೋಳು, ಇನ್ನೊಂದು ತಟ್ಟೆ ಯಾರ ಹತ್ರ ಇದೆ ಅಂತ. ಎದುರು ಮನೆಯವಳ ಹತ್ರ ಇದೆ ಅಂದೆ. ಗೂಡಲ್ಲಿ ಎರಡೂ ನನ್ನ ಮುಂದೇನೇ ಇರ್ತಿದ್ವು, ನಾನು ಹಾಗೆ ಹೇಳ್ತಿದ್ದೆ. ಅವಳು ಸಾಯೋವರೆಗೂ ಹಾಗೇ ಅಂದ್ಕೊಂಡಿದ್ಲು.”

ನಾನು ಅವಳ ಕೈ ಹಿಡಿದುಕೊಂಡೆ. ಕೊನೆಗೆ ನಾಚಿಕೆ ಬಿಟ್ಟು ಬೇಡಿದೆ.

“ಈಗ ಕೊಡು. ಈಗ ಇಟ್ಕೋತೀನಿ.”

ಅವಳು ಮೇಜಿನ ಡ್ರಾಯರು ಎಳೆದು, ಪೇಪರ್ ಟವಲಿನಲ್ಲಿ ಸುತ್ತಿದ ಏನನ್ನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬಿಚ್ಚಿದರೆ ಈ ತಲೆ. ಪೆಟ್ಟಿಗೆ ಇಳಿಸುವಾಗ ಕೈ ಜಾರಿತ್ತಂತೆ. ನಾನು ಒಂದರ ಮೇಲೊಂದು ಜೋಡಿಸಿ ಕಟ್ಟಿದ್ದೆನಲ್ಲ, ಕೆಳಗಿನದು ಚೂರಾಗಿತ್ತು. ಬಾಲ ಮುರಿದದ್ದು. ನನ್ನದು. ನಮ್ಮ ಮನೆಯ ಗೂಡಿನಲ್ಲಿದ್ದಿದ್ದರೆ ಇವತ್ತಿಗೂ ಇರುತ್ತಿತ್ತು. ಅಂಥದು ಇನ್ನೊಂದು ಮಾಡಿಕೊಡಲು ಆ ತಂಗಿಯೂ ಇಲ್ಲ.

“ಉಳಿದಿರೋದು ಒಂದೇ,” ಎಂದಳು ಎಲ್ವಿರಾ, ದ್ರಾಕ್ಷಿಯ ತಟ್ಟೆಯನ್ನು ತೋರಿಸಿ. “ಇದನ್ನ ಕೊಟ್ಟರೆ ನನಗಿರಲ್ಲ. ತಲೆ ನೀನು ಇಟ್ಕೋ.”

ಹೊರಡುವ ಹೊತ್ತಿಗೆ ನಾನೊಂದು ಉಪಾಯ ಮಾಡಿ, ಅದನ್ನು ನಮ್ಮ ಮನೆಯವರ ಕಿವಿಗೆ ಮಾತ್ರ ಹಾಕಿದೆ. ಕೋಡುಬಳೆಯನ್ನು ಬೇರೆ ಪಾತ್ರೆಗೆ ಬಗ್ಗಿಸದೆ, ಅಮ್ಮನ ಡಬ್ಬಿಯನ್ನೇ ಹಕ್ಕಿತಟ್ಟೆಯ ಪಕ್ಕದಲ್ಲಿ ಬಿಟ್ಟೆ. ಎಲ್ವಿರಾಗೆ ಏನೂ ಹೇಳಲಿಲ್ಲ. ಹೇಳಿ ಕೊಡುವುದಲ್ಲ ಅದು ಎಂದು ಆಗ ತಾನೇ ಕಲಿತಿದ್ದೆನಲ್ಲ. ಅವಳ ಮಣ್ಣಿನ ತಟ್ಟೆಗೆ ಸರಿಸಮ ಅನ್ನಿಸುವಂಥದು ನನ್ನ ಹತ್ತಿರ ಇದ್ದದ್ದು ಅದೊಂದೇ.

ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುತ್ತಿದ್ದೆ. ಮುಂಬಾಗಿಲು ತೆರೆಯಿತು. ಎಲ್ವಿರಾ ಒಂದು ಕೈಯಲ್ಲಿ ಕೋಲೂರಿ, ಇನ್ನೊಂದರಲ್ಲಿ ಡಬ್ಬಿಯನ್ನು ಎದೆಗೊತ್ತಿಕೊಂಡು ಡ್ರೈವ್‌ವೇಯಲ್ಲಿ ಇಳಿದು ಬರುತ್ತಿದ್ದಳು. ಮುಖದ ತುಂಬ ಖುಷಿ.

“ಖಾಲಿ ಅಲ್ಲ!” ಎಂದಳು. “ನಿಮ್ಮಮ್ಮನ ರೂಲು!”

ಮುಚ್ಚಳ ತೆಗೆದೆ. ಡಬ್ಬಿಯ ತುಂಬ ದ್ರಾಕ್ಷಿ. ಇದು ನಿನಗೇ ಕಣೇ, ಇಟ್ಟುಕೋ ಎನ್ನುವ ಮಾತು ಗಂಟಲವರೆಗೂ ಬಂತು. ಆ ಖುಷಿಯ ಮುಖ ನೋಡಿ ನುಂಗಿಕೊಂಡೆ. ಎರಡೂ ಕೈ ಚಾಚಿ ತೆಗೆದುಕೊಂಡು, “ಥ್ಯಾಂಕ್ ಯೂ,” ಎಂದೆ.

ಕಾರು ಬೀದಿ ದಾಟಿತು. ಆಮೇಲೆ ನಮ್ಮ ಮನೆಯವರು ಕೇಳಿದರು.

“ಡಬ್ಬಿ ಅವರಿಗೇ ಕೊಡ್ತೀನಿ ಅಂದಿದ್ದೆ?”

“ಕೊಟ್ಟೆ.”

“ಮತ್ತೆ?”

“ವಾಪಸ್ ಕೊಟ್ಲು.”

ಡಬ್ಬಿ ನನ್ನ ತೊಡೆಯ ಮೇಲಿತ್ತು. ಎಲ್ವಿರಾ ಅದನ್ನು ಯಾಕೆ ವಾಪಸ್ಸು ಕೊಟ್ಟಳೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಕಲಿಸಿದವಳು ನಾನೇ. ಗೊತ್ತಿದ್ದೂ ನನಗೆ ನೋವಾಯಿತು. ಏನೂ ಗೊತ್ತಿಲ್ಲದೆ, ಅಷ್ಟು ಸಲ ಬಾಗಿಲು ತೆಗೆದು, ತನ್ನದೇ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಥ್ಯಾಂಕ್ ಯೂ ಅಂದವಳಿಗೆ ಹೇಗಾಗಿರಬೇಡ.